ಲಾಂಗ್ ಬೀಚ್ ಪದಕಗಳು: ಫೆರಾರಿಯ ಮೂಗು ಕೊನೆಗೂ ಕೂತಿತು

ಮೂಗು ಬಂತು! ರೇಸ್ ಚಾಲಕ ಫಿಲ್ ಹಿಲ್ ಹೆಸರಿನಲ್ಲಿ ನಾನು ಮಾಡುತ್ತಿರುವ ಪದಕದ ಮೇಲಿನ ಕಾರು ಈಗ ನೋಡಿದ ಕೂಡಲೇ ಅವರ ಫೆರಾರಿ 156 ಅಂತ ಗೊತ್ತಾಗುತ್ತದೆ. ಬೆಳಿಗ್ಗೆ ಅಚ್ಚು ಬಿಚ್ಚಿದಾಗಿನಿಂದ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ.

ಹೊಸದಾಗಿ ಓದುತ್ತಿರುವವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ, ಕನ್ವೆನ್ಷನ್ ಸೆಂಟರ್ ಎದುರಿನ ಪೈನ್ ಅವೆನ್ಯೂ ಫುಟ್‌ಪಾತ್‌ನಲ್ಲಿ 22 ಇಂಚಿನ ಕಂಚಿನ ಪದಕಗಳನ್ನು ಕೂರಿಸಿದ್ದಾರೆ. ರೇಸಿಂಗ್‌ಗೆ ದುಡಿದವರಿಗೆ ಆ ಊರು ಕೊಡುವ ಗೌರವ ಅದು. ಚಾಲಕರ ಕಾರಿನ ಚಿತ್ರ, ಅವರ ದೊಡ್ಡ ಗೆಲುವುಗಳು ಅದರ ಮೇಲಿರುತ್ತವೆ. 2006ರಲ್ಲಿ ಶುರುವಾದಾಗ ಮೊದಲು ಗೌರವ ಸಿಕ್ಕಿದ್ದು ಡ್ಯಾನ್ ಗರ್ನಿ ಮತ್ತು ಫಿಲ್ ಹಿಲ್ ಅವರಿಗೆ. ಆಗ ಇಬ್ಬರೂ ಬದುಕಿದ್ದರು. ಗೌರವ ಅಂದ್ರೆ ಹಾಗೆ, ಇರುವಾಗಲೇ ಕೊಡಬೇಕು. ನಾನು ಮಾಡುತ್ತಿರುವುದು ಅದರ ಕಾಲು ಅಳತೆ, ಅಂದರೆ ಸುಮಾರು 14 ಸೆಂಟಿಮೀಟರ್. ವಿನ್ಯಾಸ ನನ್ನದೇ, ಎರಕ ಕೋಲ್ಡ್ ಕಾಸ್ಟ್, ಅಂದರೆ ಲೋಹ ಕರಗಿಸದೆ ರೆಸಿನ್‌ಗೆ ಕಂಚಿನ ಪುಡಿ ಬೆರೆಸಿ ಅಚ್ಚಿಗೆ ಹಾಕುವುದು.

ಗರ್ನಿ ಅವರದ್ದು ಸಲೀಸಾಗಿ ಮುಗಿಯಿತು. 1967ರಲ್ಲಿ ಫ್ರಾನ್ಸ್‌ನ 24 ಗಂಟೆಗಳ ಲೆ ಮಾನ್ ರೇಸ್ ಗೆದ್ದು, ಮುಂದಿನ ವಾರವೇ ಬೆಲ್ಜಿಯಂನ ಸ್ಪಾದಲ್ಲಿ ತಮ್ಮದೇ ತಂಡದ ಈಗಲ್ ಓಡಿಸಿ ಗೆದ್ದರಲ್ಲ, ಆ ಕಾರು. ಪಕ್ಕದ ನೋಟ ಸಾಕಾಯಿತು. ಹಿಲ್ ಅವರ ಕಾರಿಗೆ ಪಕ್ಕದ ನೋಟ ಆಗಲ್ಲ. 156ರ ಗುರುತೇ ಮುಂದಿನ ಎರಡು ಮೂಗಿನ ಹೊಳ್ಳೆಗಳು. ಅವು ಕಾಣಬೇಕೆಂದರೆ ಕಾರು ಓರೆಯಾಗಿ ನಿಲ್ಲಬೇಕು.

ತಲೆನೋವು ಶುರುವಾಗಿದ್ದೇ ಅಲ್ಲಿ. ಇಡೀ ಉಬ್ಬುಚಿತ್ರಕ್ಕೆ ಇರುವುದು 4 ಮಿಲಿಮೀಟರ್ ಎತ್ತರ. ಮುಂದಿನ ಚಕ್ರವೇ ಅದರಲ್ಲಿ ಮುಕ್ಕಾಲು ಪಾಲು ನುಂಗುತ್ತದೆ. ಹೊಳ್ಳೆಯನ್ನು ನೇರವಾಗಿ, ಆಳವಾಗಿ ಕೊರೆದರೆ ಸಿಲಿಕೋನ್ ಅಚ್ಚಿನಲ್ಲಿ ಅದು ಸಣ್ಣ ಗೂಟವಾಗುತ್ತದೆ, ಬಿಚ್ಚುವಾಗ ಬುಡದಲ್ಲೇ ಹರಿಯುತ್ತದೆ. ಸುತ್ತ ಇಳಿಜಾರು ಕೊಟ್ಟರೆ ಹರಿಯಲ್ಲ, ಆದರೆ ಮೂಗು ಇಡ್ಲಿ ತಟ್ಟೆಯ ಗುಳಿ ಥರ ಕಾಣುತ್ತದೆ. ಚಾಂಪಿಯನ್ ಕಾರಿಗೆ ಅಂಥ ಮೂಗು ಇಡಲು ಮನಸ್ಸು ಒಪ್ಪಲಿಲ್ಲ.

ದಾರಿ ತೋರಿಸಿದ್ದು ಹಳೇ ಫೋಟೋಗಳು. ಆ ಕಾಲದ ಮೂಲ 156 ಕಾರುಗಳಲ್ಲಿ ಒಂದನ್ನೂ ಫೆರಾರಿ ಉಳಿಸಿಕೊಳ್ಳಲಿಲ್ಲ, ಹಾಗಾಗಿ ನಮಗೆ ಫೋಟೋಗಳೇ ಗತಿ. ಅವುಗಳಲ್ಲಿ ಹೊಳ್ಳೆಯ ಒಳಗೆ ಏನೂ ಕಾಣಲ್ಲ, ಬರೀ ಕಪ್ಪು. ನಮ್ಮ ಕಣ್ಣಿಗೆ ನೆನಪಿರುವುದೂ ಆ ಕಪ್ಪು ಆಕಾರವೇ. ಹಾಗಾದರೆ ಬೇಕಾಗಿರುವುದು ಆಳ ಅಲ್ಲ, ನೆರಳು.

ಹೊಳ್ಳೆಯ ಮೇಲಂಚನ್ನು ಚಾಕುವಿನಿಂದ ಚೂಪಾಗಿ, ಒಂದೂವರೆ ಮಿಲಿಮೀಟರ್ ಇಳಿಸಿದೆ. ಅಲ್ಲಿಂದ ತಳವನ್ನು ಓರೆಯಾಗಿ ಮೇಲಕ್ಕೆ ತಂದು, ಕೆಳ ಅಂಚಿನಲ್ಲಿ ಮೈಗೆ ಸೇರಿಸಿದೆ. ಪದಕ ಗೋಡೆಗೆ ಹೋಗುವುದರಿಂದ ಬೆಳಕು ಮೇಲಿಂದ ಬೀಳುತ್ತದೆ, ಮೇಲಂಚು ತಾನೇ ನೆರಳು ಚೆಲ್ಲುತ್ತದೆ. ಅಚ್ಚಿನಲ್ಲಿ ಈಗ ಗೂಟದ ಬದಲು ಅಗಲ ಬುಡದ ಬೆಣೆ ಇದೆ. ಇಳಿಜಾರಿನ ಕಡೆಯಿಂದ ಬಿಚ್ಚಿದರೆ ಆರಾಮಾಗಿ ಬರುತ್ತದೆ. ಹೊಳ್ಳೆಗಳ ನಡುವಿನ ತೆಳು ಪಟ್ಟಿಯಲ್ಲಿ ಮಾತ್ರ ಗಾಳಿ ಸಿಕ್ಕಿಕೊಳ್ಳುತ್ತದೆ. ಮೊದಲ ಕೋಟ್ ರೆಸಿನ್ ಅನ್ನು ಸಣ್ಣ ಬ್ರಶ್‌ನಲ್ಲಿ ಆ ಸೀಳಿಗೆ ತುಂಬಿಸಿ, ಆಮೇಲೆ ಸುರಿಯಿರಿ.

ಈಗ ಕಂಚಿನ ಪುಡಿಯ ವಿಷಯ. ಡಬ್ಬದ ಮೇಲೆ ಅಪ್ಪಟ ಲೋಹ ಅಂತಿತ್ತು, ಒಳಗಿದ್ದದ್ದು ಬಣ್ಣದ ಮೈಕಾ (ಅಭ್ರಕ) ಪುಡಿ. ಕೈಯಲ್ಲಿ ಎತ್ತಿದರೇ ಗೊತ್ತಾಗುತ್ತದೆ, ಲೋಹದ ಪುಡಿಗೆ ತೂಕ ಇರುತ್ತದೆ. ಸ್ಟೀಲ್ ವುಲ್‌ನಲ್ಲಿ ಎಷ್ಟು ಉಜ್ಜಿದರೂ ಮೈಕಾಗೆ ಕಂಚಿನ ಹೊಳಪು ಬರಲ್ಲ, ಪಟೀನಾನೂ (ಹಳೇ ಕಂಚಿನ ಮೇಲೆ ಕೂರುವ ಮಾಸಲು ಬಣ್ಣ) ಹಿಡಿಯಲ್ಲ. ಮಾರಿದವರನ್ನು ಕೇಳಿದರೆ ‘ಎಲ್ಲರೂ ಇದನ್ನೇ ತಗೋತಾರೆ ಸಾರ್’ ಅಂತಾರೆ. ದುಡ್ಡು ವಾಪಸ್ ಬಂದಿಲ್ಲ. ದಯವಿಟ್ಟು ಮೊದಲು ಸ್ಯಾಂಪಲ್ ತರಿಸಿ ಉಜ್ಜಿ ನೋಡಿ.

ಬರಹದಲ್ಲಿ ಇಷ್ಟೇ ಇಟ್ಟಿದ್ದೇನೆ: 1961ರ ವಿಶ್ವ ಚಾಂಪಿಯನ್, ಲೆ ಮಾನ್ 1958, 1961, 1962. ಅಂಚಿಗೆ ಗೆಲುವಿನ ಹಾರ ಕೆತ್ತಿದ್ದೆ, ತೆಗೆದುಬಿಟ್ಟೆ. ಇಟಲಿಯ ಮೊಂಜಾದಲ್ಲಿ ಹಿಲ್ ಚಾಂಪಿಯನ್ ಆದ ದಿನವೇ ಅವರ ತಂಡದ ವೋಲ್ಫ್‌ಗಾಂಗ್ ವಾನ್ ಟ್ರಿಪ್ಸ್ ತೀರಿಕೊಂಡರು. ಆ ಗೆಲುವಿಗೆ ಹಾರ ಬೇಡ ಅನಿಸಿತು.

ಮುಂದಿನದ್ದು ಆಗಲೇ ತಲೆಯಲ್ಲಿ ಓಡುತ್ತಿದೆ. 1983ರಲ್ಲಿ ಇದೇ ಊರಲ್ಲಿ 22ನೇ ಸ್ಥಾನದಿಂದ ಹೊರಟು ಗೆದ್ದ ಜಾನ್ ವಾಟ್ಸನ್ ಅವರ ಮೆಕ್‌ಲಾರೆನ್ ಕಾರು ಮಾಡೋಣ ಅಂದುಕೊಂಡಿದ್ದೆ. ಆದರೆ ಅದಕ್ಕೂ ಮೊದಲು ಕ್ರಿಸ್ ಪೂಕ್. ಟ್ರಾವೆಲ್ ಏಜೆಂಟ್ ಆಗಿದ್ದವರು ಊರಿನ ಬೀದಿಗಳಲ್ಲೇ ರೇಸ್ ನಡೆಸೋಣ ಅಂತ ಹಟ ಹಿಡಿದರು. 1975ರಲ್ಲಿ ಫಾರ್ಮುಲಾ 5000 ಅನ್ನುವ ವರ್ಗದ ಕಾರುಗಳ ರೇಸ್, ಮರುವರ್ಷವೇ ಫಾರ್ಮುಲಾ ಒನ್! ಅವರಿಲ್ಲದೆ ಆ ಫುಟ್‌ಪಾತ್‌ನಲ್ಲಿ ಪದಕಗಳೇ ಇರುತ್ತಿರಲಿಲ್ಲ ಅಲ್ವಾ? ಆದರೆ ಅವರನ್ನು ನೆನೆಯಲು ಕೆತ್ತುವಂಥ ಕಾರಿಲ್ಲ. ಆಗ ರೇಸ್ ಓಡುತ್ತಿದ್ದ, ಓಷನ್ ಬೂಲೆವಾರ್ಡ್‌ನಿಂದ ಲಿಂಡೆನ್ ಅವೆನ್ಯೂ ಇಳಿಜಾರಿಗೆ ತಿರುಗುವ ಬೀದಿ, ದೂರದಲ್ಲಿ ಕ್ವೀನ್ ಮೇರಿ ಹಡಗಿನ ಮೂರು ಚಿಮಣಿ, ಇಷ್ಟು ಗೀಚಿಟ್ಟಿದ್ದೇನೆ. ಬೀದಿ ಕೆಳಗಿಳಿಯುತ್ತಿದೆ ಅಂತ 4 ಮಿಲಿಮೀಟರಿನಲ್ಲಿ ತೋರಿಸುವುದು ಹೇಗೆ? ಇಳಿಜಾರು ಕೆತ್ತಿದವರು ಯಾರಾದರೂ ಇದ್ದರೆ ಫೋಟೋ ಕಳಿಸಿ, ಕ್ಲೇ ಮುಟ್ಟುವ ಮೊದಲು ನೋಡಬೇಕು.