ಕೊನೇ ಬೆಂಚಿನಿಂದ ಕಾಣಬೇಕು

ಮೊಬೈಲ್ ನೋಡಿ ಕಲಿತ ಕಾಗದದ ಹೂವು ದೊಡ್ಡ ಹಾಲ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ. ವಿಡಿಯೋದಲ್ಲಿ ಅದನ್ನು ನೋಡುವುದು ಒಂದು ಗೇಣು ದೂರದಿಂದ. ಹಾಲ್‌ನಲ್ಲಿ ಕಾಣಬೇಕಾದ್ದು ಐವತ್ತು ಅರವತ್ತು ಅಡಿ ದೂರಕ್ಕೆ. ಇಷ್ಟೇ ವಿಷಯ. ಆದರೆ ಹೇಳಿದರೆ ಯಾರೂ ಕೇಳುವುದಿಲ್ಲ, ಕತ್ತರಿ ಕೈಗೆ ಸಿಕ್ಕ ಕೂಡಲೇ ಎಲ್ಲರಿಗೂ ಎಳೆ ಕಾಗದ ಸುತ್ತಿ ಮಾಡುವ ಕ್ವಿಲ್ಲಿಂಗ್ ಹೂವೇ ಬೇಕು.

ನಾನು ಶಿರಸಿ ಕಡೆಯವಳು. ಮದುವೆಯಾಗಿ ಕಾರವಾರಕ್ಕೆ ಬಂದವಳು ಮನೆಯಲ್ಲೇ ಮಕ್ಕಳಿಗೆ ಡ್ರಾಯಿಂಗ್, ಕ್ರಾಫ್ಟ್ ಹೇಳಿಕೊಡುತ್ತೇನೆ. ನಾವು ಚರ್ಚ್‌ಗೆ ಹೋಗುವವರಲ್ಲ. ಆದರೆ ಪಕ್ಕದ ಮನೆಯ ಬಾಯಿ (ನಾನು ಅವರನ್ನು ಕರೆಯುವುದೇ ಹಾಗೆ) ಹಬ್ಬ ಬಂತೆಂದರೆ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಕೊಡಲು ಬರುತ್ತಾರೆ, ನಮ್ಮ ಚೌತಿಗೆ ಅವರ ಮನೆಗೆ ಚಕ್ಕುಲಿ ಹೋಗುತ್ತದೆ. ಹೋದ ಡಿಸೆಂಬರ್‌ನಲ್ಲಿ ಒಂದು ಸಂಜೆ ಬಂದು, "ಅಕ್ಕೋರೆ, ಕ್ರಿಸ್ಮಸ್ ಮುಂಚಿನ ಭಾನುವಾರ ಚರ್ಚ್ ಹಾಲ್‌ನಲ್ಲಿ ಕಾರ್ಯಕ್ರಮ ಉಂಟು, ನಮ್ಮ ಹುಡುಗಿಯರು ಏನೇನೋ ಮಾಡಿದ್ದಾರೆ, ಸುಮ್ನೆ ಒಮ್ಮೆ ಬಂದು ನೋಡಿ, ನೀವು ಮಾಡುವುದೇನೂ ಬೇಡ" ಎಂದರು. ಮಾಡುವುದೇನೂ ಬೇಡ ಎಂದು ಕರೆದ ಕಡೆ ಕೈಕಟ್ಟಿ ಕೂತು ಬಂದವರು ಯಾರಾದರೂ ಇದ್ದಾರಾ?

ಹುಡುಗಿಯರು ಒಂದು ಚಪ್ಪಲಿ ಡಬ್ಬಿ ತುಂಬ ಹೂವು ಮಾಡಿಟ್ಟಿದ್ದರು. ನಿಜಕ್ಕೂ ಚಂದ ಇದ್ದವು. ಎಳೆ ಕಾಗದವನ್ನು ಸೂಜಿಗೆ ಸುತ್ತಿ, ಚಿವುಟಿ, ಎಸಳು ಕೂಡಿಸಿದ್ದರು, ಒಂದೊಂದೂ ಐದು ರೂಪಾಯಿ ನಾಣ್ಯದಷ್ಟು. ನಾನು ಏನೂ ಹೇಳಲಿಲ್ಲ. ವೇದಿಕೆಯ ಮರೂನ್ ಪರದೆಗೆ ಒಂದನ್ನು ಪಿನ್ ಮಾಡಿ ಎಲ್ಲರನ್ನೂ ಕೊನೇ ಬೆಂಚಿಗೆ ಕರೆದುಕೊಂಡು ಹೋದೆ. ಎಲ್ಲರೂ ಕಣ್ಣು ಕಿರಿದು ಮಾಡಿ ನೋಡಿದರು. "ಪರದೆಗೆ ಏನೋ ಹತ್ತಿಕೊಂಡ ಹಾಗೆ ಕಾಣ್ತದೆ" ಎಂದಳು ಆ ಹೂವನ್ನು ಮಾಡಿದ ಹುಡುಗಿಯೇ. ಆಮೇಲೆ ವಾದ ನಡೆಯಲಿಲ್ಲ. ಆ ಹೂವುಗಳನ್ನು ಸನ್ಮಾನ ಆಗುವ ಹಿರಿಯರ ಎದೆಗೆ ಹಚ್ಚುವ ಬ್ಯಾಡ್ಜ್‌ಗಳಿಗೆ ಇಟ್ಟುಕೊಂಡೆವು. ಅಲ್ಲಿ ಅವಕ್ಕೆ ಸರಿಯಾದ ಜಾಗ, ಕೈ ಕುಲುಕುವವರು ಹತ್ತಿರದಿಂದ ನೋಡುತ್ತಾರಲ್ಲ.

ನನಗೆ ಇದು ಗೊತ್ತಾದದ್ದು ಮಾರಿ ಜಾತ್ರೆಯಲ್ಲಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ತೇರು ದೇವಸ್ಥಾನದಿಂದ ಬಿಡ್ಕಿಬೈಲಿಗೆ ಬರುವಾಗ ಜನರ ತಲೆಯ ಮೇಲಿಂದ ನಮಗೆ ಕಾಣುತ್ತಿದ್ದದ್ದು ಬಣ್ಣದ ಬಟ್ಟೆ, ಪತಾಕೆ ಮಾತ್ರ. ಸಣ್ಣ ಕೆಲಸ ಏನಿದೆ ಎಂದು ನೋಡಲು ತೇರಿನ ಬುಡಕ್ಕೇ ಹೋಗಬೇಕಿತ್ತು. ಆದರೆ ದೂರದಿಂದ ನೋಡಿದವರಿಗೂ ಏನೂ ಕಡಿಮೆಯಾಗುತ್ತಿರಲಿಲ್ಲ.

ಸರಿ, ದೊಡ್ಡದು ಮಾಡಬೇಕು, ಎಂಥದರಲ್ಲಿ ಮಾಡುವುದು? ಮುಂಚೆಲ್ಲ ಇಲ್ಲಿ ಥರ್ಮಾಕೋಲ್‌ನದೇ ಕಾರುಬಾರು. ಅಕ್ಷರ, ನಕ್ಷತ್ರ, ಹಿಮ, ಪಾರಿವಾಳ, ಎಲ್ಲ ಅದರದ್ದೇ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಿದ್ದಾರೆ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟದ ಜೊತೆಗೇ. ಕೇಳಿದರೆ ಅಂಗಡಿಯ ಒಳಗಿಂದ ತಂದುಕೊಡುವವರು ಇನ್ನೂ ಇದ್ದಾರೆ, ಅದು ಬೇರೆ ಮಾತು. ಫಾದರ್ ಬೇಡವೇ ಬೇಡ ಎಂದರು. ನನಗೆ ಖುಷಿಯಾಯಿತು, ಯಾಕೆಂದರೆ ಥರ್ಮಾಕೋಲ್ ಕೊಯ್ದ ಮೇಲೆ ಆ ಬಿಳಿ ಕಾಳು ಗುಡಿಸಿ ಮುಗಿಯುವುದೇ ಇಲ್ಲ.

ನನ್ನ ತಲೆಗೆ ಮೊದಲು ಬಂದದ್ದು ಬೆಂಡು. ನಮ್ಮ ಕಡೆ ಗುಡಿಗಾರರು ಮದುವೆಯ ಬಾಸಿಂಗ ಮಾಡುತ್ತಾರಲ್ಲ, ಅದೇ ಬೆಂಡು. ಜೌಗಿನಲ್ಲಿ ಬೆಳೆಯುವ ಗಿಡದ ಕಾಂಡ, ಕೊಯ್ದರೆ ಹಾಲಿನಷ್ಟು ಬೆಳ್ಳಗೆ, ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಆದರೆ ಒಂದು ಹಾಲ್ ತುಂಬುವಷ್ಟು ಬೆಂಡು ತರುವುದಿರಲಿ, ಕೇಳುವುದಕ್ಕೇ ಮುಖ ಬೇಕು. ಮನೆಯಲ್ಲಿದ್ದ ತುಂಡುಗಳಲ್ಲಿ ಗೋದಲಿಗೆ (ಏಸು ಹುಟ್ಟಿದ ಕೊಟ್ಟಿಗೆಯ ಮಾದರಿ) ನಾಲ್ಕಾರು ಕುರಿಮರಿ ಕೆತ್ತಿಕೊಟ್ಟೆ, ಅಷ್ಟೇ. ಗೋದಲಿಯ ಮುಂದೆ ಜನ ಬಗ್ಗಿ ನೋಡುತ್ತಾರೆ, ಅಲ್ಲಿ ಸಣ್ಣದು ನಡೆಯುತ್ತದೆ.

ಹಾಲ್‌ಗೆ ಹೊಳೆದದ್ದು ಹಳೇ ಕ್ಯಾಲೆಂಡರ್. ಗೋಡೆ ಕ್ಯಾಲೆಂಡರಿನ ಹಾಳೆ ಗಟ್ಟಿ, ಮಡಿಕೆ ನಿಲ್ಲುತ್ತದೆ, ಕಾಸಿಲ್ಲ. ಹಾಳೆಯನ್ನು ಒಂದೂವರೆ ಬೆರಳಗಲಕ್ಕೆ ಹಿಂದೆ ಮುಂದೆ ಮಡಚುತ್ತ ಹೋಗಿ, ನಡುವಿಗೆ ದಾರ ಬಿಗಿದು, ಎರಡೂ ಕಡೆ ಬಿಡಿಸಿದರೆ ಎರಡು ಬೀಸಣಿಗೆ. ನಮ್ಮ ಕ್ಯಾಲೆಂಡರಿನ ಅಳತೆಗೆ ಮೂರು ಹಾಳೆ ಸೇರಿ ಒಂದು ಪೂರ್ತಿ ಚಕ್ರ, ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. ದೇವರ ಚಿತ್ರ ಇದ್ದ ಹಾಳೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಬಾಯಿಯೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ, ಲಕ್ಷ್ಮಿ, ಗಣಪತಿ, ಏಸು ಎಲ್ಲರೂ ಒಂದೇ ಕಟ್ಟಿನಲ್ಲಿ ಮೂಲೆಯ ಮೇಜಿನ ಮೇಲೆ ಕೂತಿದ್ದರು. ತಾರೀಕಿನ ಹಾಳೆ ಮಾತ್ರ ಮಡಚಿದೆವು. ಅಂಕಿ ಕಾಣುತ್ತದೆ, ಬಿಳಿ ಬಣ್ಣ ಹಚ್ಚೋಣ ಎಂದು ಒಬ್ಬಳು ಹೇಳಿದಳು. ಮೊದಲು ತೂಗಿಹಾಕಿ ಹಿಂದಿನಿಂದ ನೋಡು ಎಂದೆ. ಹಿಂದಿನಿಂದ ಅಂಕಿ ಎಲ್ಲಿ ಕಾಣುತ್ತದೆ, ಭಾನುವಾರದ ಕೆಂಪು ಮತ್ತು ಉಳಿದ ದಿನಗಳ ಕಪ್ಪು ಸೇರಿ ಏನೋ ಒಂದು ಛಾಪಿನ ಹಾಗೆ ಕಂಡಿತು. ಬಣ್ಣದ ಡಬ್ಬಿ ತೆರೆಯಲೇ ಇಲ್ಲ. ಕೆಲವು ಚಕ್ರಗಳ ನಡುವೆ ಹಳದಿ ಕ್ರೇಪ್ ಕಾಗದದ ಗೊಂಡೆ ಇಟ್ಟೆವು, ಬಿಳಿ ಹಳದಿ ವ್ಯಾಟಿಕನ್ ಬಾವುಟದ ಬಣ್ಣ ಎಂದು ಫಾದರ್ ಮೆಚ್ಚಿದರು. ನನಗೆ ಆ ಲೆಕ್ಕ ಗೊತ್ತಿರಲಿಲ್ಲ, ಹಳದಿ ಜಾಸ್ತಿ ಉಳಿದಿತ್ತು.

ಫಾದರ್ ಒಂದೇ ಒಂದು ಕಟ್ಟು ಹಾಕಿದ್ದರು. ಏನೇ ಮಾಡಿ, ಹಾಲ್‌ನಲ್ಲಿ ಮಾಡಿ, ಚರ್ಚ್ ಒಳಗೆ ಬಲಿಪೀಠದ ಹತ್ತಿರ 24ರ ಸಂಜೆವರೆಗೆ ಏನೂ ಬೇಡ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಅವರಿಗೆ ಆಗಮನ ಕಾಲ, ಕಾಯುವ ಕಾಲ. ಪಾದ್ರಿಗಳ ಉಡುಪು ನೇರಳೆ, ಹೂವೂ ಕಮ್ಮಿ. ಒಳಗೆ ಹಸಿರು ಎಲೆಯ ಚಕ್ರದಲ್ಲಿ ನಾಲ್ಕು ಮೇಣದ ಬತ್ತಿ ಇತ್ತು, ಮೂರು ನೇರಳೆ, ಒಂದು ಗುಲಾಬಿ. ಆ ಗುಲಾಬಿ ಮೂರನೇ ಭಾನುವಾರದ್ದು. ಗೋದಲಿಯಲ್ಲೂ ಬಾಲ ಏಸುವನ್ನು ಕ್ರಿಸ್ಮಸ್ ರಾತ್ರಿಯೇ ಇಡುವುದು. ಗೋದಲಿಯ ಬೆಟ್ಟಕ್ಕೆ ಸಿಮೆಂಟ್ ಚೀಲದ ಖಾಕಿ ಕಾಗದ ಸಿಕ್ಕಿತು, ಒದ್ದೆ ಮಾಡಿ ಮುದ್ದೆ ಕಟ್ಟಿ ಬಿಡಿಸಿದರೆ ಥೇಟ್ ಬಂಡೆ. ಹುಲ್ಲು ಆಗ ತಾನೇ ಕೊಯ್ಲಾದ ಗದ್ದೆಯದ್ದು. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಗೋದಲಿ ಮಾಡಿದಾಗ ಜೀವಂತ ಎತ್ತು, ಕತ್ತೆ ತಂದು ನಿಲ್ಲಿಸಿದ್ದರಂತೆ. ಬಾಯಿ ಅದನ್ನು ಕೇಳಿ, "ನಮ್ಮ ಓಣಿಯ ದನ ಸಾಕು, ಕಟ್ಟಬೇಕಾಗಿಯೂ ಇಲ್ಲ" ಎಂದರು.

ಎಲ್ಲಕ್ಕಿಂತ ಕಷ್ಟ ಆದದ್ದು ಅಕ್ಷರ. ವೇದಿಕೆಯ ಹಿಂದೆ "ಕ್ರಿಸ್ಮಸ್ ಶುಭಾಶಯಗಳು" ಎಂದು ಕತ್ತರಿಸಿ ಅಂಟಿಸಬೇಕಿತ್ತು. ಬೋರ್ಡ್ ಬರೆಯುವವರ ಲೆಕ್ಕ ಒಂದಿದೆ, ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ಅರವತ್ತು ಅಡಿ ಹಾಲ್‌ಗೆ ಆರು ಇಂಚು ಸಾಕು ಎಂದಾಯಿತು. ಇಂಗ್ಲಿಷಿಗೆ ಸಾಕು, ಕನ್ನಡಕ್ಕೆ ಸಾಲುವುದಿಲ್ಲ. ಮೂಲ ಅಕ್ಷರ ಆರು ಇಂಚಾದರೆ ಅದರ ಕೆಳಗಿನ ಒತ್ತು ಎರಡೂವರೆ ಇಂಚಿಗೆ ಇಳಿಯುತ್ತದೆ, ಕೊನೇ ಬೆಂಚಿಗೆ ಓದಿಸಬೇಕಾದ್ದು ಆ ಒತ್ತನ್ನು. ಕ್ರಿ ಅಕ್ಷರದ ರ ಒತ್ತು, ಸ್ಮದ ಮ ಒತ್ತು ಎರಡೂ ಕೆಳಗೆ ಇಳಿಯುತ್ತವೆ, ಅವಕ್ಕೆ ಜಾಗ ಬಿಡದಿದ್ದರೆ ಕೆಳಗಿನ ಸಾಲಿನ ತಲೆಗೆ ತಾಗುತ್ತವೆ. ಶ ಅಕ್ಷರದ ಹೊಟ್ಟೆಯೊಳಗಿನ ಸಂದು ಇನ್ನೊಂದು ತಲೆನೋವು. ಹತ್ತಿರದಿಂದ ಸರಿಯಾಗಿ ಕಾಣುವ ಸಂದು ದೂರಕ್ಕೆ ಮುಚ್ಚಿಹೋಗಿ ಬರೀ ಉಂಡೆಯಾಗಿ ಕಾಣುತ್ತದೆ. ಅದಕ್ಕೇ ಸಂದನ್ನು ಬೇಕೆಂದೇ ಅಗಲ ಮಾಡಿ, ಗೆರೆಯನ್ನು ತೆಳ್ಳಗೆ ಮಾಡಿ ಕೊಯ್ದೆವು. ಕೈಯಲ್ಲಿ ಹಿಡಿದರೆ ವಿಕಾರ. ಮಕ್ಕಳು ನಕ್ಕರು. ಒಂಬತ್ತು ಇಂಚಿನ ಅಕ್ಷರ, ಕಡು ಹಸಿರು, ಬಿಳಿ ಬಟ್ಟೆಯ ಮೇಲೆ. ಕೊನೇ ಬೆಂಚಿನಲ್ಲಿ ಕನ್ನಡಕ ಮರೆತು ಬಂದಿದ್ದ ಒಬ್ಬ ಅಜ್ಜಿ ಜೋರಾಗಿ ಓದಿದರು, ಆಗ ನಗು ನಿಂತಿತು.

ನಕ್ಷತ್ರ ಮಾಡುವುದು ಬಾಯಿಯ ಮಾವನವರ ಕೆಲಸ. ಬೈತಖೋಲದಲ್ಲಿ ದೋಣಿಗೆ ಹೋಗುತ್ತಿದ್ದವರು, ಈಗ ವಯಸ್ಸಾಗಿದೆ, ಕೈ ಮಾತ್ರ ಇನ್ನೂ ಬಿಗಿ. ಸೀಳಿದ ಬಿದಿರು ಕಡ್ಡಿ ಐದೈದು ಸೇರಿಸಿ ಎರಡು ನಕ್ಷತ್ರ ಕಟ್ಟುತ್ತಾರೆ. ಒಂದರ ಮೇಲೊಂದು ಇಟ್ಟು ಐದೂ ತುದಿ ಬಿಗಿಯುತ್ತಾರೆ. ಆಮೇಲೆ ನಡುವೆ ಕಡ್ಡಿ ದಾಟುವ ಐದು ಕಡೆ ಒಂದೊಂದು ಗಿಡ್ಡ ತುಂಡನ್ನು ಅಡ್ಡ ಕೊಡುತ್ತಾರೆ, ಆಗ ಹೊಟ್ಟೆ ಉಬ್ಬುತ್ತದೆ. ಹದಿನೈದು ಕಡ್ಡಿ, ಒಂದು ಮೊಳೆ ಇಲ್ಲ. ಮೇಲೆ ಗಾಳಿಪಟದ ಕಾಗದ, ಮೈದಾ ಅಂಟು. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಜಿರಳೆ ಮುಟ್ಟುವುದಿಲ್ಲ, ಆದರೆ ಅದು ವಿಷ, ಮಕ್ಕಳು ಕೈ ಹಾಕುವ ಕಡೆ ಬೇಡ ಎಂದು ಬಿಟ್ಟೆವು. ಹಿಂಭಾಗದಲ್ಲಿ ಒಂದು ಕಡೆ ಕಾಗದ ಹಚ್ಚದೆ ಬಿಡಬೇಕು, ಬಲ್ಬ್ ಇಳಿಸಲು.

ಭಾನುವಾರ ಬೆಳಿಗ್ಗೆ ಎಲ್ಲ ತೂಗಿಹಾಕುವಾಗ ಆ ಅಜ್ಜನೇ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಂಚಿನ ಮಾಡು, ಎತ್ತರ ಜಾಸ್ತಿ, ಮಾವಿನಕಾಯಿ ಕೊಯ್ಯುವ ದೋಟಿಯಿಂದ ದಾರವನ್ನು ಮಾಡಿನ ಮರದ ಪಕಾಸಿಗೆ ದಾಟಿಸಿದೆವು. ದಾರ ಎಂದರೆ ಗಾಳಕ್ಕೆ ಕಟ್ಟುವ ನೈಲಾನ್ ದಾರ, ಅದು ಕಣ್ಣಿಗೆ ಕಾಣುವುದಿಲ್ಲ, ಚಕ್ರಗಳು ಸುಮ್ನೆ ಗಾಳಿಯಲ್ಲಿ ನಿಂತ ಹಾಗೆ ತೋರುತ್ತವೆ. ಪಶ್ಚಿಮದ ದೊಡ್ಡ ಕಿಟಕಿಗಳ ನಡುವೆ ನಾವು ಉದ್ದದ ಕಾಗದದ ತೋರಣವನ್ನು ಎಳೆದು ಬಿಗಿಯಾಗಿ ಕಟ್ಟಿದ್ದೆವು. ಅಜ್ಜ ಅದನ್ನೇ ನೋಡುತ್ತಿದ್ದರು.

"ಅಕ್ಕೋರೆ, ಇದು ತೋರಣ ಅಲ್ಲ, ಹಾಯಿ. ಮೂರು ಗಂಟೆಗೆ ನೋಡಿ."

ಬೆಳಿಗ್ಗೆ ಹತ್ತು ಗಂಟೆಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಶಿರಸಿಯವರಿಗೆ ಇದು ಹೊಸದು, ಕಾರವಾರದವರಿಗೆ ಗೊತ್ತು. ಮಧ್ಯಾಹ್ನ ನೆಲ ಕಾದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ. ಸಮುದ್ರದ ಗಾಳಿಗೆ ನಮ್ಮ ಕಾರ್ಯಕ್ರಮದ ವೇಳೆ ಏನು ಗೊತ್ತು? ಕಿಟಕಿ ಮುಚ್ಚೋಣ ಎಂದರೆ ಅಷ್ಟು ಜನಕ್ಕೆ ಸೆಕೆ. ಕೊನೆಗೆ ಅಜ್ಜ ಹೇಳಿದ ಹಾಗೆ ತೋರಣವನ್ನು ಸಡಿಲ ಮಾಡಿ, ಜಾಸ್ತಿ ತಿರುಚಿ, ಬಟ್ಟೆಯ ಬ್ಯಾನರಿಗೆ ಅಕ್ಷರಗಳ ನಡುವೆ ಅಲ್ಲಲ್ಲಿ ಅರ್ಧಚಂದ್ರದ ಸೀಳು ಕೊಟ್ಟೆವು. ನಾಲ್ಕು ಗಂಟೆಗೆ ಗಾಳಿ ಬಂತು, ಸರಿಯಾಗೇ ಬಂತು. ಬಾಗಿಲ ಬಳಿ ಯಾರೋ ಆಮೇಲೆ ಕಟ್ಟಿದ ಒಂದು ಬಿಗಿ ತೋರಣ ಮಾತ್ರ ಹರಿದು ಅಂಗಳಕ್ಕೆ ಹೋಯಿತು, ಉಳಿದದ್ದು ಕುಣಿಯುತ್ತ ಇತ್ತು.

ಅಷ್ಟರಲ್ಲಿ ನಾಟಕದ ಮಕ್ಕಳ ಗಲಾಟೆ. ಮೂವರು ಅರಸರ ಕಿರೀಟಕ್ಕೆ ಚಿನ್ನದ ಬಣ್ಣದ ಕಾಗದ, ಸ್ಟೇಪ್ಲರ್ ಹೊಡೆಯುವಾಗ ಪಿನ್ನಿನ ಕಾಲು ಹೊರಗೆ ಬರುವ ಹಾಗೆ ಹೊಡೆಯಬೇಕು, ಒಳಗಾದರೆ ಅರಸ ಹಣೆ ಹಿಡಿದುಕೊಂಡು ಅಳುತ್ತಾನೆ. ದೇವದೂತೆಯಾಗಿದ್ದ ಹುಡುಗಿ ಕೈ ತೊಳೆದು ಒರೆಸದೆ ಬಂದು ಕೆಂಪು ಕ್ರೇಪ್ ಹೂವನ್ನು ಎತ್ತಿಕೊಂಡಳು. ಕ್ರೇಪ್‌ಗೆ ನೀರು ಸೋಕಿದರೆ ಸಾಕು, ಬಣ್ಣ ಬಿಡುತ್ತದೆ. ಆ ಕೈಯನ್ನು ಒರೆಸಿಕೊಂಡದ್ದು ಬಿಳಿ ಫ್ರಾಕಿಗೆ, ಐದು ಬೆರಳಿನ ಗುರುತೂ ಸ್ಪಷ್ಟ. ಅವಳ ತಾಯಿ ಒಂದು ಕ್ಷಣ ಕಣ್ಣು ಮುಚ್ಚಿ, ಆಮೇಲೆ ತೋರಣದಿಂದ ಉಳಿದಿದ್ದ ಹಳದಿ ರಿಬ್ಬನ್ ತಂದು ಸೊಂಟಕ್ಕೆ ಸುತ್ತಿ ದೊಡ್ಡ ಗಂಟು ಹಾಕಿದರು. ಹಿಂದಿನ ಬೆಂಚಿನವರಿಗೆ ಆ ದೇವದೂತೆಯೇ ಎಲ್ಲರಿಗಿಂತ ಚಂದ ಕಂಡಳಂತೆ.

ಕಾರ್ಯಕ್ರಮ ಚೆನ್ನಾಗಿ ಆಯಿತು. ಕೊಂಕಣಿಯಲ್ಲಿ ಸ್ವಲ್ಪ, ಕನ್ನಡದಲ್ಲಿ ಸ್ವಲ್ಪ ಭಾಷಣ, ಕ್ಯಾರಲ್, ಊಟ. ಕುಸ್ವಾರನ್ನು ಕಾಗದದ ಪೊಟ್ಟಣಗಳಲ್ಲಿ ಹಂಚಿದರು, ಕರ್ಜಿಕಾಯಿಯಂಥ ನೆವ್ರಿ ಮುರಿದದ್ದೆಲ್ಲ ಕೆಲಸ ಮಾಡಿದವರ ಪಾಲಿಗೆ ಬಂತು, ನಮಗೇನೂ ಬೇಜಾರಿಲ್ಲ. ಎಲ್ಲರೂ ಅಲಂಕಾರದ ಫೋಟೋ ತೆಗೆದರು. ಫೋಟೋದಲ್ಲಿ ಚಕ್ರಗಳ ಮೇಲೆ ತಾರೀಕು ಕಾಣುತ್ತದೆ, ದೊಡ್ಡದು ಮಾಡಿ ನೋಡಿ ನಗುತ್ತಾರೆ, ನಗಲಿ.

ಬಿಚ್ಚುವ ಕೆಲಸಕ್ಕೆ ಮಾಮೂಲಿನಂತೆ ಜನ ಕಮ್ಮಿ. ಚಕ್ರಗಳನ್ನು ಮಡಿಕೆಗೆ ಸರಿಯಾಗಿ ಮುಚ್ಚಿ ಡಬ್ಬದಲ್ಲಿಟ್ಟೆವು. ನಕ್ಷತ್ರಗಳನ್ನು ಅಜ್ಜ ಮನೆಗೆ ಒಯ್ದರು, ಕಾಗದ ಹೋದರೂ ಬಿದಿರು ಇನ್ನೂ ಕೆಲವು ವರ್ಷ ಬರುತ್ತದೆ. ಈಗ ಬಾಯಿ ಈಸ್ಟರ್ ಸುದ್ದಿ ಶುರು ಮಾಡಿದ್ದಾರೆ, ಚಕ್ರ ಇನ್ನಷ್ಟು ಬೇಕಂತೆ, ಊಟದ ಕೋಣೆಗೂ ಹಾಕುವುದಂತೆ. ಹಾಗಾದರೆ ಹಳೇ ಕ್ಯಾಲೆಂಡರ್ ಈಗಲೇ ಒಟ್ಟುಮಾಡಿ, ಹೊಸದು ಗೋಡೆಗೆ ಬಂದ ಮೇಲೆ ಹಳೆಯದು ರದ್ದಿಗೆ ಹೋಗಲು ಜಾಸ್ತಿ ದಿನ ಬೇಡ ಎಂದೆ. ಅವರ ಜಗಲಿಯಲ್ಲಿ ಆಗಲೇ ಒಂದು ರಾಶಿ ಬಿದ್ದಿದೆ, ಅರ್ಧಕ್ಕರ್ಧ ನಮ್ಮ ಓಣಿಯ ಹಿಂದೂ ಮನೆಗಳದ್ದೇ. ದೇವರ ಚಿತ್ರ ಬಿಡಿಸಿ ತೆಗೆಯುವ ಕೆಲಸ ನನ್ನದಂತೆ.