ನೆರೂಡನ ಅಂಟಿಸಿದ ಪುಟಗಳು ಕೊನೆಗೂ ಬಿಟ್ಟವು

ಹಳೆ ಪುಸ್ತಕವೊಂದರಲ್ಲಿ ಯಾರೋ ಅಂಟಿಸಿ ಮುಚ್ಚಿದ್ದ ಎರಡು ಪುಟಗಳ ಮೂರೂ ಅಂಚುಗಳು ಬಿಟ್ಟವು! ಹಾಳೆ ಹರಿಯಲಿಲ್ಲ, ಮುದ್ರಣ ಕದಡಲಿಲ್ಲ. ಹೊರಗಿನ ಕೆಳಮೂಲೆಯಲ್ಲಿ ಕೆಲವು ಅಕ್ಷರಗಳು ಎದುರು ಪುಟಕ್ಕೆ ಕಿತ್ತುಕೊಂಡು ಹೋದದ್ದನ್ನು ಬಿಟ್ಟರೆ ಎರಡೂ ಪುಟಗಳನ್ನು ಈಗ ಸರಾಗವಾಗಿ ಓದಬಹುದು. ಈ ಮಳೆಗಾಲವಿಡೀ ಬೇರೆ ಪುಸ್ತಕವನ್ನು ಕೈಗೆತ್ತಿಕೊಳ್ಳಲು ಬಿಡದ ಕೆಲಸವಿದು. ಧೂಳು ತೆಗೆದದ್ದು, ಚೀಲದಲ್ಲಿ ಬಿಗಿದು ಮೈನಸ್ 18 ಡಿಗ್ರಿಯಲ್ಲಿಟ್ಟು ಹುಳುಗಳನ್ನು ಕೊಂದದ್ದು, ಬೆನ್ನಿನ ಹಳೆಯ ಅಂಟನ್ನು ಕೆರೆದದ್ದು ಇವನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಹಳೆ ಪುಸ್ತಕ ರಿಪೇರಿ ಮಾಡುವ ನಿಮಗೆ ಗೊತ್ತಿರುವುದೇ. ಬರೆಯಬೇಕಾದದ್ದು ಎದುರುಬದುರಾದ ಆ ಎರಡು ಪುಟಗಳ ಬಗ್ಗೆ.

ಪುಸ್ತಕ ಚಿಲಿಯ ಕವಿ ಪಾಬ್ಲೊ ನೆರೂಡನ ಆತ್ಮಕಥನ, ಇಂಗ್ಲಿಷ್ ಅನುವಾದದ ಪೇಪರ್‌ಬ್ಯಾಕ್. ಕವಿ ತೀರಿಕೊಂಡದ್ದು 1973ರ ಸೆಪ್ಟೆಂಬರ್‌ನಲ್ಲಿ. ಸ್ಪ್ಯಾನಿಷ್ ಮೂಲ 1974ರಲ್ಲಿ ಬಂತು, ಇಂಗ್ಲಿಷ್ ಅನುವಾದ 1977ರಲ್ಲಿ. ನನಗೆ ಸಿಕ್ಕಿದ್ದು ಮೈಸೂರಿನ ದೇವರಾಜ ಮಾರುಕಟ್ಟೆಗೆ ಹತ್ತಿರದ ಒಂದು ಹಳೆ ಪುಸ್ತಕದಂಗಡಿಯಲ್ಲಿ, ಎಂಜಿನಿಯರಿಂಗ್ ಗೈಡುಗಳ ರಾಶಿಯ ಅಡಿಯಲ್ಲಿ. ಲ್ಯಾನ್ಸ್‌ಡೌನ್ ಕಟ್ಟಡದ ಕಮಾನುಗಳ ಕೆಳಗೆ ಹಳೆ ಪುಸ್ತಕ ಹುಡುಕಿದವರಿಗೆ ಈಗಿನ ಅಲೆದಾಟದ ಕಷ್ಟ ಗೊತ್ತು. 2012ರ ಆಗಸ್ಟ್‌ನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. ಅಲ್ಲಿಂದಾಚೆಗೆ ಆ ಸಾಲು ಮೊದಲಿನಂತಾಗಲಿಲ್ಲ. "ಮೇಡಂ, ನಡುವೆ ಹಾಳೆ ಅಂಟಿಕೊಂಡಿದೆ, ಆಮೇಲೆ ಬಂದು ನನ್ನನ್ನು ಕೇಳಬೇಡಿ" ಎಂದು ಮೊದಲೇ ಎಚ್ಚರಿಸಿದ ಅಂಗಡಿಯವರು ತಾವಾಗಿಯೇ ಇಪ್ಪತ್ತು ರೂಪಾಯಿ ಇಳಿಸಿದರು. ಅಂಟಿದ್ದು ಯಾವ ಪುಟಗಳೆಂದು ಅವರಿಗೆ ಗೊತ್ತಿರಲಿಲ್ಲ. ಹಿಂದಿನ ಪುಟವನ್ನೂ ಮುಂದಿನ ಪುಟವನ್ನೂ ಓದಿದಾಗ ನನಗೆ ಗೊತ್ತಾಯಿತು.

ಅದು ಕೊಲಂಬೊ ಭಾಗ. ನೆರೂಡ 1929ರ ಸುಮಾರಿಗೆ ಅಲ್ಲಿ ಚಿಲಿ ದೇಶದ ಕಾನ್ಸುಲ್ ಆಗಿದ್ದ, ವೆಲ್ಲವತ್ತೆಯ ಕಡಲ ದಂಡೆಯ ಮನೆಯಲ್ಲಿದ್ದ. ಆ ಮನೆಯ ಶೌಚದ ಬಕೆಟ್ಟನ್ನು ದಿನವೂ ಬೆಳಗಿನ ಜಾವ ತೆಗೆಯಲು ಬರುತ್ತಿದ್ದವಳು ಒಬ್ಬ ತಮಿಳು ಹೆಂಗಸು, 'ಅಸ್ಪೃಶ್ಯ' ಜಾತಿಯವಳು. ಅವನು ಅವಳ ಮಣಿಕಟ್ಟು ಹಿಡಿದು ಕೋಣೆಗೆ ಎಳೆದೊಯ್ದ. ಅವಳು ಕಣ್ಣು ಮುಚ್ಚಲಿಲ್ಲ, ಅಲುಗಲಿಲ್ಲ. ಅವಳು ನನ್ನನ್ನು ತಿರಸ್ಕರಿಸಿದ್ದು ಸರಿಯೇ, ಅದು ಮತ್ತೆಂದೂ ಮರುಕಳಿಸಲಿಲ್ಲ ಎಂಬರ್ಥದ ಮಾತಿನೊಂದಿಗೆ ಆ ಪ್ರಸಂಗವನ್ನು ಮುಗಿಸಿ ಕವಿ ಮುಂದಿನ ವಿಷಯಕ್ಕೆ ಹೋಗುತ್ತಾನೆ. ಅತ್ಯಾಚಾರ ಎಂಬ ಪದ ಅವನ ಬರಹದಲ್ಲಿಲ್ಲ. ಅದು ಅತ್ಯಾಚಾರವೇ. 1971ರಲ್ಲಿ ನೊಬೆಲ್ ಪಡೆದ ಕವಿಯ ಈ ಸಾಲುಗಳು ದಶಕಗಳ ಕಾಲ ಅಚ್ಚಿನಲ್ಲೇ ಇದ್ದರೂ ದೊಡ್ಡ ಗದ್ದಲವೆದ್ದದ್ದು 2018ರಲ್ಲಿ. ಸಾಂಟಿಯಾಗೊ ವಿಮಾನ ನಿಲ್ದಾಣಕ್ಕೆ ಅವನ ಹೆಸರಿಡುವ ಪ್ರಸ್ತಾಪ ಬಂದಾಗ ಚಿಲಿಯ ಮಹಿಳಾ ಸಂಘಟನೆಗಳು ಇದೇ ಪುಟಗಳನ್ನು ಎತ್ತಿ ತೋರಿಸಿದವು. ನಿಲ್ದಾಣಕ್ಕೆ ಅವನ ಹೆಸರು ಬರಲಿಲ್ಲ.

ಮೈಸೂರಿನ ಯಾವುದೋ ಮನೆಯಲ್ಲಿ ಯಾರೋ ಒಬ್ಬರು ಅದೇ ಪುಟಗಳನ್ನು ಮೂರೂ ಕಡೆ ಅಂಟು ಹಚ್ಚಿ ಮುಚ್ಚಿದ್ದರು.

ಈಗ ಅಂಟಿನ ಕಥೆ. ಅಂಚಿನಿಂದ ಹೊರಗೆ ಉಕ್ಕಿ ಒಣಗಿದ್ದ ಚೂರೊಂದನ್ನು ಎಬ್ಬಿಸಿ ಟಿಂಚರ್ ಅಯೋಡಿನ್ ಹನಿಸಿದೆ. ಮೈದಾ ಅಂಟಾಗಿದ್ದರೆ ಕಡುನೀಲಿಗೆ ತಿರುಗಬೇಕಿತ್ತು; ಕೆಂಗಂದು ಬಣ್ಣದಲ್ಲೇ ನಿಂತಿತು. ಅಂದರೆ ಮರಗೆಲಸದವರು ಬಳಸುವ ಬಿಳಿ ಅಂಟು, ಪಾಲಿವಿನೈಲ್ ಅಸಿಟೇಟ್. ಮೈದಾ ಅಂಟಾದರೆ ತೇವ ತೋರಿಸಿ ಕಾಯುತ್ತ ಕೂತರೆ ಸಾಕು, ಒಂದಲ್ಲ ಒಂದು ಹೊತ್ತಿಗೆ ಮಣಿಯುತ್ತದೆ. ಬಿಳಿ ಅಂಟು ಒಮ್ಮೆ ಗಟ್ಟಿಯಾದರೆ ನೀರಿಗೆ ಊದುತ್ತದೆಯೇ ಹೊರತು ಕರಗುವುದಿಲ್ಲ, ಅಷ್ಟರಲ್ಲಿ ಹಾಳೆ ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಬಿಸಿ ತೋರಿಸಿದೆ. ಹೇರ್ ಡ್ರೈಯರ್ ಹಿಡಿದು ಸ್ಪ್ಯಾಚುಲಾದ ಚಪ್ಪಟೆ ಅಲಗು ತೂರಿಸಿದಾಗ ಅಂಟು ಮೆತ್ತಗಾಗಿ ಎಳೆಎಳೆಯಾಗಿ ಚಾಚಿಕೊಳ್ಳುತ್ತಿತ್ತು, ಗಾಳಿಗೆ ತಣ್ಣಗಾದೊಡನೆ ಮತ್ತೆ ಕಚ್ಚಿಕೊಳ್ಳುತ್ತಿತ್ತು. ಜೊತೆಗೆ ಕಾಗದದ ನಾರನ್ನೂ ಎಳೆಯುತ್ತಿತ್ತು. ಅಸಿಟೋನ್ ಈ ಅಂಟನ್ನು ಕರಗಿಸುತ್ತದೆ, ನಿಜ. ಮುದ್ರಣ ವಿವರದ ಪುಟದ ಮೂಲೆಯಲ್ಲಿ ಪರೀಕ್ಷಿಸಿದಾಗ ಅಕ್ಷರ ಕದಡಲಿಲ್ಲ, ಆದರೆ ಹಳದಿಗಟ್ಟಿದ ಅಗ್ಗದ ಕಾಗದದ ಕಂದು ಬಣ್ಣವೆಲ್ಲ ಹರಿದು ಒದ್ದೆಯ ಅಂಚಿನಲ್ಲಿ ಗೆರೆಗಟ್ಟಿತು. ಹಾಗಾಗಿ ಅಸಿಟೋನ್ ಬಾಟಲಿಗೆ ಮುಚ್ಚಳ ಹಾಕಿದೆ. ಅಂಚನ್ನೇ ಕತ್ತರಿಸಿಬಿಡು ಎಂದವರಿದ್ದಾರೆ. ಪೇಪರ್‌ಬ್ಯಾಕಿನ ಅಂಚು ಮೊದಲೇ ಕಿರಿದು, ಕತ್ತರಿ ಹಾಕಿದರೆ ಸಾಲಿನ ಕೊನೆಯ ಅಕ್ಷರಗಳೂ ಹೋಗುತ್ತವೆ. ಈ ಪುಟದಲ್ಲಿ ಒಂದು ಅಕ್ಷರವನ್ನೂ ಕಳೆಯಬಾರದೆಂದು ನಾನು ಮೊದಲೇ ತೀರ್ಮಾನಿಸಿದ್ದೆ.

ಸಾಮಾನು ಪೂರೈಸುವವರ ಬಗ್ಗೆ ಒಂದು ಮಾತು, ಕೋಪದಿಂದಲೇ ಹೇಳುತ್ತೇನೆ. 'ಆಮ್ಲರಹಿತ' ಎಂದು ದೊಡ್ಡದಾಗಿ ಅಚ್ಚು ಹಾಕಿ ಮಾರುವ ಹೀರುಕಾಗದವನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಕಾಗದದಲ್ಲಿ ಆಮ್ಲವಿದೆಯೇ ಎಂದು ಬಣ್ಣದಿಂದ ತೋರಿಸುವ ಪಿಎಚ್ ಪೆನ್ನಿನಲ್ಲಿ ಒಂದು ಗೆರೆ ಎಳೆದೆ. ನೇರಳೆ ಬಣ್ಣ ಬರಬೇಕಾದಲ್ಲಿ ಅಪ್ಪಟ ಹಳದಿ! ಆಮ್ಲದಿಂದ ಪುಸ್ತಕವನ್ನು ಉಳಿಸಲು ಕೊಳ್ಳುವ ಕಾಗದದಲ್ಲೇ ಆಮ್ಲ ತುಂಬಿ ಕಳಿಸುವವರಿಗೆ ಏನು ಹೇಳುವುದು? ವಾಪಸ್ ಕಳಿಸಿದ್ದಕ್ಕೆ ಅದೇ ಕಾಗದ ಬೇರೆ ಹೊದಿಕೆಯಲ್ಲಿ ಬಂತು. ಹೊಸದಾಗಿ ಈ ಹವ್ಯಾಸಕ್ಕೆ ಬಂದವರು ಬೇರೆ ಯಾವ ಉಪಕರಣಕ್ಕೂ ಮೊದಲು ಆ ಪೆನ್ನು ಕೊಳ್ಳಿ, ಅಂಗಡಿಯಲ್ಲೇ ಗೆರೆ ಎಳೆದು ನೋಡಿ.

ದಾರಿ ತೋರಿಸಿದ್ದು ಹುಳು. ಪುಟವನ್ನು ದೀಪಕ್ಕೆ ಹಿಡಿದಾಗ ಅಂಚಿನ ಒಳಗೆ, ನಡುಭಾಗದಲ್ಲಿ, ಹಾಳೆಗಳು ಅಂಟದೆ ಟೊಳ್ಳಾಗಿರುವುದು ಕಂಡಿತು. ಬೆನ್ನಿನ ಕಡೆಯಿಂದ ಬಿದಿರಿನ ತೆಳು ಸೀಳು ತೂರಿಸಿ ಅಲ್ಲಿನ ಪುಡಿಯನ್ನು ಎಳೆದುಕೊಂಡು ಅಯೋಡಿನ್ ಹಾಕಿದರೆ ಕಡುನೀಲಿ! ನಡುವೆ ಮೊದಲು ಹಚ್ಚಿದ್ದು ಮೈದಾ ಅಂಟು. ಹಿಟ್ಟಿನ ಅಂಟೆಂದರೆ ಬೆಳ್ಳಿಮೀನು ಹುಳುವಿಗೆ ಹಬ್ಬದೂಟ. ಅವು ಒಳಗೆ ಸೇರಿ ಅಂಟನ್ನು ಮೇಯ್ದು ಅಲ್ಲಲ್ಲಿ ಕಾಗದದ ಮೇಲ್ಪದರವನ್ನೂ ಸವರಿಕೊಂಡು ಹೋಗಿದ್ದವು. ಪುಟಗಳು ಬಿಟ್ಟುಕೊಂಡಿರಬೇಕು. ಆಮೇಲೆ ಯಾರೋ, ಅದೇ ಓದುಗರೋ ಅವರ ನಂತರದವರೋ, ಬಿಳಿ ಅಂಟು ತಂದು ಅಂಚುಗಳನ್ನು ಮತ್ತೆ ಮುಚ್ಚಿದ್ದಾರೆ. ಆ ಪುಟಗಳು ಎರಡು ಸಲ ಮುಚ್ಚಿಸಿಕೊಂಡಿವೆ.

ನಡುವೆ ಟೊಳ್ಳಿದೆ ಎಂದ ಮೇಲೆ ಮೂರು ಸಪೂರ ಅಂಚುಗಳದ್ದು ಮಾತ್ರ ಸಮಸ್ಯೆ. ಬಿಳಿ ಅಂಟು ಆಲ್ಕೊಹಾಲಿಗೆ ಚೆನ್ನಾಗಿ ಊದುತ್ತದೆ. ಐದು ಮಿಲಿಮೀಟರ್ ಅಗಲದ ಹೀರುಕಾಗದದ ಪಟ್ಟಿಯನ್ನು ಶೇಕಡ 70ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿ, ತೊಟ್ಟಿಕ್ಕದಷ್ಟು ಒತ್ತಿ, ಅಂಚಿನ ಹಿಂಬದಿಗೆ ಇಟ್ಟೆ. ಮೇಲೆ ಪಾಲಿಯೆಸ್ಟರ್ ಹಾಳೆ, ಅದರ ಮೇಲೆ ಗಾಜಿನ ಪಟ್ಟಿಯ ಭಾರ. ಹತ್ತು ನಿಮಿಷ ಬಿಟ್ಟು, ಒಳಗಿನ ಟೊಳ್ಳಿನಿಂದ ಹೊರ ಅಂಚಿನ ಕಡೆಗೆ ಸ್ಪ್ಯಾಚುಲಾ ಆಡಿಸಿದೆ. ಇದೇ ಮುಖ್ಯ: ನಾವು ಸಾಮಾನ್ಯವಾಗಿ ಹೊರಗಿನಿಂದ ಒಳಕ್ಕೆ ತೂರಿಸುತ್ತೇವೆ, ಆಗ ಅಂಟಿನ ದಪ್ಪ ಭಾಗವೇ ಮೊದಲು ಎದುರಾಗುತ್ತದೆ. ಒಳಗಿನಿಂದ ಬಂದರೆ ಅಂಟಿನ ತೆಳುಭಾಗ ಮೊದಲು ಸಿಗುತ್ತದೆ. ಅರ್ಧ ಅಂಗುಲ ಬಿಟ್ಟಿತೆಂದರೆ ಅಲ್ಲಿ ಅಂಟು ಹಿಡಿಯದ ಸಿಲಿಕೋನ್ ಕಾಗದದ ತುಂಡು ತುರುಕಿ ಮುಂದಿನ ಅರ್ಧ ಅಂಗುಲಕ್ಕೆ ಹೋಗುವುದು. ಊದಿದ ಅಂಟನ್ನು ಬೆರಳ ತುದಿಯಿಂದ ಉಜ್ಜಿದರೆ ಉರುಳೆಯಾಗಿ ಎದ್ದು ಬರುತ್ತದೆ. ಕಿಟಕಿ ತೆರೆದಿಡಿ, ಒಲೆಯ ಹತ್ತಿರ ಮಾಡಬೇಡಿ. ಆಲ್ಕೊಹಾಲಿನ ಆವಿಗೆ ಬೆಂಕಿ ತಗುಲಲು ಕ್ಷಣ ಸಾಕು.

ಕೆಳಮೂಲೆಯಲ್ಲಿ ಮಾತ್ರ ಅಂಟು ಗಡ್ಡೆಕಟ್ಟಿತ್ತು. ಅಲ್ಲಿ ಕಿತ್ತ ಅಕ್ಷರಗಳನ್ನು ಎದುರು ಪುಟದಿಂದ ಎಬ್ಬಿಸಿ ಅವುಗಳ ಜಾಗಕ್ಕೆ ಕೂರಿಸುವುದು ಇನ್ನೂ ಬಾಕಿಯಿದೆ.

ಪಟ್ಟಿ ಇಟ್ಟು ಕಾಯುವ ಹೊತ್ತಿನಲ್ಲೆಲ್ಲ ಈ ಪುಟ ಮುಚ್ಚಿದ ಓದುಗರ ಬಗ್ಗೆಯೇ ಯೋಚಿಸುತ್ತಿದ್ದೆ. ಪುಸ್ತಕದ ತುಂಬ ನೀಲಿ ಪೆನ್ಸಿಲಿನ ಅಡಿಗೆರೆಗಳಿವೆ. ಕೊಲಂಬೊದಲ್ಲಿ ನೆರೂಡ ಸಾಕಿದ್ದ ಮುಂಗುಸಿಯ ಪ್ರಸಂಗಕ್ಕೆ ಗೆರೆಯಿದೆ, ಕಡಲ ವರ್ಣನೆಗೆ ಗೆರೆಯಿದೆ, ಸ್ಪೇನಿನ ಯುದ್ಧದ ಭಾಗದ ಬದಿಯಲ್ಲಿ ಉದ್ದಕ್ಕೂ ಗೆರೆಯಿದೆ. ಇಷ್ಟು ಪ್ರೀತಿಯಿಂದ ಓದಿದವರಿಗೆ ಆ ಪುಟ ಸಹಿಸಲಾಗದೆ ಹೋಗಿದೆ. ಆ ನೋವು ನನಗೆ ಅರ್ಥವಾಗುತ್ತದೆ. ನೆರೂಡನ ಕವಿತೆಗಳನ್ನು ನಾನು ಕಾಲೇಜಿನಲ್ಲಿ ಕನ್ನಡದಲ್ಲೇ ಮೊದಲು ಓದಿದ್ದು, ಈಗಲೂ ಓದುತ್ತೇನೆ, ಈಗಲೂ ಅವು ನನ್ನನ್ನು ಹಿಡಿಯುತ್ತವೆ.

ಅಗ್ರಹಾರದಲ್ಲಿ ಬೈಂಡಿಂಗ್ ಕೆಲಸದಲ್ಲೇ ತಲೆ ನರೆತ ಹಿರಿಯರೊಬ್ಬರಿದ್ದಾರೆ. ಹೊಲಿಗೆ ಹಾಕುವುದನ್ನು ನನಗೆ ಕಲಿಸಿದವರು. ಪುಸ್ತಕ ನೋಡಿ ಅವರೆಂದರು: "ನೋಡಮ್ಮಾ, ಮನೆಯಲ್ಲಿ ಮಕ್ಕಳಿದ್ದಾರೆಂದು ಯಾರೋ ಅಂಟಿಸಿರಬಹುದು. ಕವಿತೆ ಚೆನ್ನಾಗಿದೆ ಎಂದು ನೀನೇ ಹೇಳುತ್ತೀಯ. ಆ ಎರಡು ಪುಟ ಇಲ್ಲದಿದ್ದರೆ ಕವಿತೆಗೇನು ನಷ್ಟ?"

"ಕವಿತೆಗೆ ನಷ್ಟವಿಲ್ಲ ಅಣ್ಣಾ, ಆ ಹೆಂಗಸಿಗೆ ನಷ್ಟ" ಎಂದೆ.

ಅವಳ ಹೆಸರು ಪುಸ್ತಕದಲ್ಲಿಲ್ಲ. ನಮ್ಮ ಪಾಲಿಗೆ ಅವಳು ಇರುವುದು ಆ ಪುಟದಲ್ಲಿ ಮಾತ್ರ, ಅದೂ ಅವಳ ಮೇಲೆ ಕೈಮಾಡಿದವನ ಮಾತಿನಲ್ಲಿ. ಅದನ್ನು ಮುಚ್ಚಿದರೆ ಕವಿಯ ಹೆಸರಿಗೆ ರಕ್ಷಣೆ ಸಿಗುತ್ತದೆ, ಇಲ್ಲವಾಗುವವಳು ಅವಳು. ಕವಿತೆಯನ್ನು ಕವಿಯಿಂದ ಬೇರೆ ಮಾಡಿ ಓದಬೇಕು ಎನ್ನುವವರು ಕವಿಗೊಂದು, ಕವಿತೆಗೊಂದು ಜಾಗ ಹುಡುಕುತ್ತಾರೆ. ಈ ಹಂಚಿಕೆಯಲ್ಲಿ ಅವಳಿಗೆಲ್ಲಿ ಜಾಗ? ಪುಸ್ತಕವನ್ನೇ ರದ್ದಿಗೆ ಹಾಕಿ ಎನ್ನುವವರಿಗೂ ನಾನು ಕೇಳುವುದು ಇದನ್ನೇ. ನಮ್ಮೂರಿನ ಓದುಗರಿಗೆ ಇದು ದೂರದ ಸಂಗತಿಯಾಗಬಾರದು. ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದವರು ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪ. ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂದು ಅವರು ಹೇಳಿದ್ದು ಇದೇ ಮೈಸೂರಿನಲ್ಲಿ, 1973ರ ನವೆಂಬರ್‌ನಲ್ಲಿ, ನೆರೂಡ ತೀರಿಕೊಂಡ ಎರಡು ತಿಂಗಳಿಗೆ. ಬೀದಿಬೀದಿಯಲ್ಲಿ ಗಲಭೆಯಾಗಿ ಅವರು ಮಂತ್ರಿ ಪದವಿ ಬಿಡಬೇಕಾಯಿತು. ಸಾಹಿತ್ಯದಲ್ಲಿ ಯಾರ ಬದುಕಿದೆ, ಯಾರದಿಲ್ಲ ಎಂಬುದು ಅಂದು ಅವರೆತ್ತಿದ ಪ್ರಶ್ನೆ. ಆ ಊರಿನಲ್ಲಿ ಕೂತು ಈ ಪುಟವನ್ನು ಮುಚ್ಚಿದಂತೆಯೇ ಬಿಡಲು ನನ್ನಿಂದ ಸಾಧ್ಯವಿರಲಿಲ್ಲ.

ಹಿರಿಯರು ಏನೂ ಹೇಳಲಿಲ್ಲ. ಆದರೆ ತೆಳು ಸ್ಪ್ಯಾಚುಲಾ ಕೊಟ್ಟವರು ಅವರೇ.

ಇಂಥ ಲೇಖಕರ ಪುಸ್ತಕ ಕೊಂಡು ಅವರಿಗೆ ದುಡ್ಡು ಸೇರಿಸಬೇಕೇ ಎಂಬ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ಹಳೆ ಪುಸ್ತಕ ಕೊಂಡರೆ ಲೇಖಕರಿಗಾಗಲಿ ವಾರಸುದಾರರಿಗಾಗಲಿ ಒಂದು ಪೈಸೆಯೂ ಹೋಗುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಂ ಪ್ರತಿಗಳನ್ನು ಹೊರತರುವ ಹಕ್ಕನ್ನು ಒಡೆಯರಿಗೆ ಕೊಡುವಾಗಲೇ, ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಅದರಿಂದ ಹೊರಗಿಟ್ಟಿದೆ. ಹಾಗಾಗಿ ಬದುಕಿರುವ, ತಪ್ಪು ಸಾಬೀತಾದ ಲೇಖಕರ ಪುಸ್ತಕವನ್ನು ನಾನು ಹೊಸದಾಗಿ ಕೊಳ್ಳುವುದಿಲ್ಲ, ಹಳೆಯದಾದರೆ ಕೊಳ್ಳುತ್ತೇನೆ. ಆದರೆ ಹಳೆ ಪುಸ್ತಕ ಕೊಂಡೆನೆಂಬ ಒಂದೇ ಕಾರಣಕ್ಕೆ ಮನಸ್ಸು ಹಗುರವಾಗಬೇಕು ಎಂಬುದನ್ನು ಒಪ್ಪಲಾರೆ. 2024ರ ಮೇ ತಿಂಗಳಲ್ಲಿ ಕೆನಡಾದ ಕಥೆಗಾರ್ತಿ ಆಲಿಸ್ ಮನ್ರೊ ತೀರಿಕೊಂಡರು; ಎರಡು ತಿಂಗಳೊಳಗೆ ಅವರ ಮಗಳು, ಬಾಲ್ಯದಲ್ಲಿ ಮಲತಂದೆ ತನ್ನ ಮೇಲೆ ನಡೆಸಿದ ದೌರ್ಜನ್ಯವನ್ನೂ ಅದು ತಿಳಿದ ಮೇಲೂ ತಾಯಿ ಅವನ ಜೊತೆಯಲ್ಲೇ ಉಳಿದದ್ದನ್ನೂ ಬರೆದರು. ನನ್ನ ಕಪಾಟಿನ ಮನ್ರೊ ಪುಸ್ತಕಗಳೆಲ್ಲ ಹಳೆಯ ಪ್ರತಿಗಳೇ, ಯಾರಿಗೂ ರಾಯಧನ ಹೋಗಿಲ್ಲ. ಅದರಿಂದ ಮಗಳ ಮಾತಿನ ಭಾರ ಒಂದಿಷ್ಟೂ ಇಳಿಯುವುದಿಲ್ಲ.

ಮುಂದಿನ ಕೆಲಸ ಆಗಲೇ ಮೇಜಿನ ಮೇಲಿದೆ, ಹೇಳದೆ ಇರಲಾರೆ: ಕ್ನೂಟ್ ಹಾಮ್ಸುನ್. ಗಟ್ಟಿರಟ್ಟಿನ ಕಾದಂಬರಿ, ಬೆನ್ನಿನ ಬಟ್ಟೆ ಸೀಳಿದೆ, ಮುಂದಿನ ರಟ್ಟು ನಾಲ್ಕು ದಾರಗಳ ಮೇಲೆ ತೂಗುತ್ತಿದೆ, ಒಳಹೊಲಿಗೆ ಮಾತ್ರ ಅದ್ಭುತವಾಗಿ ಗಟ್ಟಿಯಾಗಿದೆ! 1920ರಲ್ಲಿ ನೊಬೆಲ್ ಪಡೆದ ಈ ನಾರ್ವೆಯ ಲೇಖಕ 1943ರಲ್ಲಿ ತನ್ನ ಪದಕವನ್ನು ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್‌ಗೆ ಕೊಟ್ಟ. ಹಿಟ್ಲರ್ ಸತ್ತ ಮೇಲೆ, 1945ರ ಮೇ 7ರಂದು ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಬರೆದ. ಯುದ್ಧ ಮುಗಿದ ಮೇಲೆ ನ್ಯಾಯಾಲಯ ಅವನಿಗೆ ಭಾರಿ ದಂಡ ವಿಧಿಸಿತು. ನೆರೂಡನ ಪುಸ್ತಕದಲ್ಲಿ ಅವನದೇ ಪುಟವಿದೆ, ಅದನ್ನು ತೆರೆದರೆ ಸಾಕಾಯಿತು. ಹಾಮ್ಸುನ್‌ನ ಕಾದಂಬರಿಯಲ್ಲಿ ಇದೊಂದೂ ಇಲ್ಲ. ಹಿಂದಿನ ರಟ್ಟಿನ ಒಳಮೈಗೆ ಸಣ್ಣ ಜೇಬು ಕೂರಿಸಿ, ಈ ಸಂಗತಿಗಳನ್ನು ಬರೆದ ಆಮ್ಲರಹಿತ ಹಾಳೆಯೊಂದನ್ನು ಅದರಲ್ಲಿ ಇಡುವ ಯೋಚನೆಯಿದೆ. ಹಾಳೆಯನ್ನು ಪುಸ್ತಕಕ್ಕೇ ಅಂಟಿಸಲು ಮನಸ್ಸು ಒಪ್ಪುತ್ತಿಲ್ಲ. ಓದುಗರ ಪರವಾಗಿ ಅಂಟು ಹಚ್ಚಿ ತೀರ್ಮಾನ ಮಾಡುವ ಕೆಲಸ ಬೇಡ. ಜೇಬಿನಲ್ಲಿದ್ದರೆ ತೆಗೆದು ಓದಬಹುದು, ಬೇರೆ ಕಾಗದ ಸೇರಿಸಬಹುದು.

ನೆರೂಡನಿಗೆ ಉಳಿದಿರುವುದು ಮೂಲೆಯ ಅಕ್ಷರಗಳು, ಹುಳು ಮೇಯ್ದ ಕಡೆ ಹಿಂಬದಿಯಿಂದ ಜಪಾನಿ ಕೋಜೊ ನಾರಿನ ತೆಳು ಕಾಗದದ ಆಸರೆ, ಬೆನ್ನಿಗೆ ಹೊಸ ಕ್ಯಾಲಿಕೊ ಬಟ್ಟೆಯ ಪಟ್ಟಿ. ಅಂಟು ಗೋಧಿ ಪಿಷ್ಟದ್ದೇ, ಮುಂದೆ ಯಾರಿಗಾದರೂ ಬಿಡಿಸಬೇಕಾದರೆ ನೀರಿಗೆ ಬಿಡುವಂಥದ್ದು. ನೀಲಿ ಪೆನ್ಸಿಲಿನ ಗೆರೆಗಳನ್ನು ಅಳಿಸುವುದಿಲ್ಲ. ಚದರ ಮೀಟರಿಗೆ ಐದು ಗ್ರಾಂ ತೂಕದ ಕೋಜೊ ಕಾಗದವನ್ನು ಬಿಡಿ ಹಾಳೆಗಳಲ್ಲಿ ಮಾರುವವರು ಮೈಸೂರಿನಲ್ಲೋ ಮಂಡ್ಯದಲ್ಲೋ ಇದ್ದರೆ ದಯವಿಟ್ಟು ತಿಳಿಸಿ. ಪೂರ್ತಿ ಸುರುಳಿ ಕೊಳ್ಳುವಷ್ಟು ದುಡ್ಡು ಹಾಮ್ಸುನ್‌ನ ಬಟ್ಟೆಗೆ ಹೋಗಿದೆ.