ಅತ್ತಿಗೆಯ ಮುತ್ತಿನ ಸರ

ರಾಯಚೂರಲ್ಲಿ ಮದುವೆ ಸೀಸನ್ ಬಂತೆಂದರೆ ಯಾರಾದರೊಬ್ಬರು ಹೈದರಾಬಾದಿಗೆ ಹೋಗಿ ಚಾರ್ಮಿನಾರ್ ಹತ್ತಿರ ಮುತ್ತಿನ ಸರ ತಂದೇ ತರುತ್ತಾರೆ. ಈ ಸಲ ನಮ್ಮ ಅತ್ತಿಗೆ. ಬಿಲ್ ಮೇಲೆ ಮುತ್ತಿನ ದರ್ಜೆ 'ಎಎಎ' ಅಂತ ಬರೆದಿದೆ, ಅದನ್ನೇ ಎಲ್ಲರಿಗೂ ತೋರಿಸುತ್ತಿದ್ದಾರೆ. ಆದರೆ ಆ ಎಎಎಗೆ ಎಲ್ಲ ಅಂಗಡಿಯವರೂ ಒಪ್ಪುವ ಒಂದೇ ಅಳತೆ ಇಲ್ಲ, ಅವರವರ ಲೆಕ್ಕ ಅವರವರಿಗೆ.

ಅಲ್ಲಿ ಸಿಗುವುದು ಜಾಸ್ತಿ ಚೀನಾದಲ್ಲಿ ಬೆಳೆಸಿದ ಸಿಹಿನೀರಿನ ಮುತ್ತೇ. ಒಂದೇ ಚಿಪ್ಪಿನಲ್ಲಿ ಇಪ್ಪತ್ತು ಮೂವತ್ತು ಬೆಳೆಯುತ್ತವೆ, ಮುತ್ತು ಬೆಳೆಯಲಿ ಅಂತ ಒಳಗೆ ಸಾಮಾನ್ಯವಾಗಿ ಮಣಿ ಇಡುವುದಿಲ್ಲ, ಹಾಗಾಗಿ ಹೆಚ್ಚುಕಡಿಮೆ ಪೂರ್ತಿ ಮುತ್ತಿನ ಪದರವೇ. ಜಪಾನಿನ ಅಕೋಯಾ ಮುತ್ತಿನಲ್ಲಿ ಒಳಗೆ ಚಿಪ್ಪಿನ ಮಣಿ, ಮೇಲೆ ತೆಳು ಪದರ, ಹೊಳಪು ಮಾತ್ರ ಜೋರು. ತಾಹಿತಿಯ ಕಪ್ಪು ಮುತ್ತು, ಆಸ್ಟ್ರೇಲಿಯಾ ಕಡೆಯ ದೊಡ್ಡ ಸೌತ್ ಸೀ ಮುತ್ತು, ಅವೆಲ್ಲ ನಮ್ಮ ಬಜೆಟ್ಟಿಗಲ್ಲ ಬಿಡಿ.

ನಾನು ಮೊದಲು ನೋಡುವುದು ಹೊಳಪು. ಸರವನ್ನು ಬಿಳಿ ಬಟ್ಟೆ ಮೇಲಿಟ್ಟು ಟ್ಯೂಬ್‌ಲೈಟ್ ಕೆಳಗೆ ನೋಡಿ, ಲೈಟಿನ ಗೆರೆ ಮುತ್ತಿನ ಮೇಲೆ ಸ್ಪಷ್ಟವಾಗಿ ಕಂಡರೆ ಒಳ್ಳೆಯದು, ಮಬ್ಬಾಗಿದ್ದರೆ ಸಾಧಾರಣ. ಆಮೇಲೆ ಸುಮ್ನೆ ಉರುಳಿಸಿ: ಗುಂಡಗಿದೆಯಾ, ಕಲೆ ಇದೆಯಾ, ಬಣ್ಣ ಒಂದಕ್ಕೊಂದು ಹೊಂದುತ್ತಾ. ಅತ್ತಿಗೆಯ ಸರ ಉರುಳುವಾಗ ಸ್ವಲ್ಪ ಓಲಾಡಿತು, ಎರಡು ಮೂರು ಮುತ್ತಿನಲ್ಲಿ ಸಣ್ಣ ಕುಳಿ. ನನಗೆ ಅದೇ ಇಷ್ಟವಾಯಿತು. ಒಂದೂ ಕಲೆಯಿಲ್ಲದ, ಅಚ್ಚಿಗೆ ಹಾಕಿ ತೆಗೆದ ಹಾಗಿರುವ ಸರ ಸಾವಿರ ರೂಪಾಯಿಗೆ ಸಿಕ್ಕರೆ ಅನುಮಾನ ಪಡಬೇಕು, ಅಲ್ವಾ?